ಕಾಮನ್ ತೆಗೆದ ಮೇಲೆ ಉಳಿಯೋದು ಸೊನ್ನೆ ಯಾಕಲ್ಲ?

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. 'ಸಾಮಾನ್ಯ ಅಪವರ್ತನ ಹೊರತೆಗೆದು ಬಿಡಿಸಿ' ಅನ್ನೋ ಲೆಕ್ಕಗಳಲ್ಲಿ ಪದೇ ಪದೇ ಎಡವುತ್ತಾಳೆ. 48 × 99 + 48 ಕೊಟ್ಟರೆ 48 × (99 + 0) ಅಂತ ಬರೆದಳು. 12 × 7 + 5 ಅನ್ನು 12 × (7 + 5) ಮಾಡಿದಳು. 100 − 7 × 8 − 7 × 2 ಲೆಕ್ಕಕ್ಕೆ 58 ಅಂತ ಉತ್ತರ ಬರೆದಳು. ನಿಯಮ ಮಾತ್ರ ಬಾಯಿಪಾಠ ಬರುತ್ತೆ! ಜೊತೆಗೆ, '18 + 24 ಅಂದ್ರೆ 42, ಅಷ್ಟೇ ತಾನೆ? 6 × (3 + 4) ಅಂತ ಸುಮ್ನೆ ಯಾಕೆ ಬರೀಬೇಕು?' ಅಂತ ಕೇಳ್ತಾಳೆ. ಅದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ. ನಮ್ಮದು ಅಡಿಕೆ ತೋಟದ ಮನೆ, ಟ್ಯೂಷನ್‌ಗೆ ಕಳಿಸೋಕೆ ಹತ್ತಿರದಲ್ಲಿ ಯಾರೂ ಇಲ್ಲ. ನಾನೇ ಹೇಗೆ ಹೇಳಿಕೊಡಲಿ?
— ಚನ್ನಗಿರಿ ಕಡೆಯಿಂದ ಒಬ್ಬ ಓದುಗರು

ಉತ್ತರ: ಮೊದಲು ಆ ಸೊನ್ನೆಯ ವಿಷಯ. ನಿಮ್ಮ ಮಗಳು ಅದನ್ನು ಗಮನ ಇಲ್ಲದೆ ಬರೆದದ್ದಲ್ಲ. ಯೋಚನೆ ಮಾಡಿಯೇ ಬರೆದಿದ್ದಾಳೆ. ನಾವು ಮೇಷ್ಟ್ರುಗಳು ಕ್ಲಾಸಿನಲ್ಲಿ "ಕಾಮನ್ ಹೊರಗೆ ತೆಗಿ" ಅಂತೀವಿ, ಅಂದ್ರೆ ಎರಡೂ ಕಡೆ ಇರೋ ಸಂಖ್ಯೆಯನ್ನು ಆವರಣದ ಹೊರಗೆ ಒಂದೇ ಸಲ ಬರಿ ಅಂತ. ಮಕ್ಕಳಿಗೆ ಗೊತ್ತಿರೋ 'ತೆಗೆಯೋದು' ಯಾವುದು? ಡಬ್ಬಿಯಲ್ಲಿ ಒಂದೇ ಒಂದು ಚಕ್ಕುಲಿ ಇತ್ತು, ತೆಗೆದೆ. ಡಬ್ಬಿಯಲ್ಲಿ ಏನು ಉಳಿಯಿತು? ಏನೂ ಇಲ್ಲ. ಹಾಗೆಯೇ 48ರಿಂದ 48 ತೆಗೆದರೆ ಉಳಿಯೋದು 0. ಅವಳ ತರ್ಕದಲ್ಲಿ ತಪ್ಪಿಲ್ಲ, ತಪ್ಪು ನಮ್ಮ ಮಾತಿನಲ್ಲಿದೆ. ಇಲ್ಲಿ ತೆಗೆಯೋದು ಅಂದ್ರೆ ಕಳೆಯೋದಲ್ಲ, ಭಾಗಿಸೋದು. 48ರಲ್ಲಿ 48 ಎಷ್ಟು ಸಲ ಇದೆ ಅಂತ ಕೇಳಬೇಕು. ಒಂದು ಸಲ ಇದೆ.

ಈ ಒಂದನ್ನು ಅವಳಿಗೆ ಹೊಸದಾಗಿ ಹೇಳಿಕೊಡಬೇಕಾಗಿಯೂ ಇಲ್ಲ. ಮಗ್ಗಿಯ ಮೊದಲ ಸಾಲೇ ಅದು. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು. ಆ 'ಏಳೊಂದ್ಲ ಏಳು' ಅನ್ನೋ ಸಾಲನ್ನು ಮಕ್ಕಳು ಗಂಟಲು ಸರಿಮಾಡಿಕೊಳ್ಳೋಕೆ ಹೇಳ್ತಾರೇನೋ ಅನ್ನಿಸುತ್ತೆ, ಅಷ್ಟು ಸಲೀಸು. ಅದಕ್ಕೇ ಯಾರೂ ಅದರ ಕಡೆ ತಿರುಗಿ ನೋಡಲ್ಲ. ಲೆಕ್ಕದಲ್ಲಿ ಒಂಟಿಯಾಗಿ 48 ಕಂಡರೆ ಅದು 'ನಲವತ್ತೆಂಟೊಂದ್ಲ ನಲವತ್ತೆಂಟು'. ಅವಳ ಕೈಗೆ ಪೆನ್ಸಿಲ್ ಕೊಟ್ಟು ಅದರ ಪಕ್ಕ × 1 ಅಂತ ಬರೆಸಿ.

48 × 99 + 48 × 1
48 × (99 + 1)
48 × 100 = 4800

ಒಂದು ವಾರ ಹೀಗೆ ಬರೆಸಿದರೆ ಸಾಕು. ಆಮೇಲೆ ಆ ಒಂದು ಬರೆಯದೇ ಇದ್ದರೂ ಕಾಣುತ್ತೆ. ಈ ಚಿಕ್ಕ ವಿಷಯಕ್ಕೆ ಯಾಕಿಷ್ಟು ಒತ್ತು ಕೊಡ್ತಿದ್ದೀನಿ ಅಂದ್ರೆ, ಇದನ್ನು ಈಗ ಬಿಟ್ಟರೆ ಇದು ಹಿಂದೆಯೇ ಬರುತ್ತೆ. ಬೀಜಗಣಿತದಲ್ಲಿ ಎಕ್ಸ್ × ಎಕ್ಸ್ + ಎಕ್ಸ್ ಬಂದಾಗ ಆವರಣದೊಳಗೆ ಆ 1 ಬರೆಯೋದನ್ನು ಮರೆತು ಮಾರ್ಕ್ಸ್ ಕಳೆದುಕೊಂಡ ಹತ್ತನೇ ಕ್ಲಾಸಿನ ಮಕ್ಕಳನ್ನು ನಾನು ಪ್ರತಿ ವರ್ಷ ನೋಡಿದ್ದೀನಿ.

ಇನ್ನೊಂದು ಕೆಲಸ ಮಾಡಿ. ಸ್ವಲ್ಪ ದಿನ × ಚಿಹ್ನೆಯನ್ನು 'ಇಂಟು' ಅಂತ ಓದೋದನ್ನು ಬಿಡಿಸಿ. '48 ಇಂಟು 99' ಅಂದಾಗ ಕಣ್ಣ ಮುಂದೆ ಏನೂ ಬರಲ್ಲ. ಅದನ್ನೇ '99 ಸಲ 48' ಅಂತ ಓದಿಸಿ. ಆಗ ಇಡೀ ಲೆಕ್ಕ ಒಂದು ಮಾತಾಗುತ್ತೆ: ತೊಂಬತ್ತೊಂಬತ್ತು ಸಲ 48 ಇದೆ, ಮೇಲೆ ಇನ್ನೊಂದು ಸಲ 48 ಬಂತು, ಒಟ್ಟು ಎಷ್ಟು ಸಲ ಆಯ್ತು? ನೂರು ಸಲ. ಇದಕ್ಕೆ ನಿಯಮ ಬೇಕಾಗಲ್ಲ. ಎಣಿಸೋಕೆ ಬಂದರೆ ಸಾಕು.

ನಿಮ್ಮದು ಅಡಿಕೆ ತೋಟ ಅಂದ್ರಿ. ಹಾಗಿದ್ರೆ ಚಿತ್ರ ನಿಮ್ಮ ಹಿತ್ತಲಲ್ಲೇ ಇದೆ. ಅಡಿಕೆ ಸಸಿಗಳನ್ನು ಸುಮಾರು ಒಂಬತ್ತು ಅಡಿಗೊಂದರಂತೆ ಸಾಲಾಗಿ ನೆಟ್ಟಿರ್ತೀರಿ. ಒಂದು ಸಾಲಿಗೆ 9 ಸಸಿ ಅಂದುಕೊಳ್ಳಿ. ಬದುವಿನ ಈ ಕಡೆ 14 ಸಾಲು, ಆ ಕಡೆ 6 ಸಾಲು. ಎಷ್ಟು ಸಸಿ? 9 × 14 = 126, 9 × 6 = 54, ಕೂಡಿದರೆ 180. ತಪ್ಪೇನಿಲ್ಲ. ಆದರೆ ಸಸಿಗಳ ಮಟ್ಟಿಗೆ ಬದು ಅನ್ನೋದು ಇಲ್ಲವೇ ಇಲ್ಲ. ಮನಸ್ಸಿನಲ್ಲೇ ಬದು ಒಡೆದುಹಾಕಿ. 20 ಸಾಲು, ಸಾಲಿಗೆ 9. 180. ಕಾಮನ್ ತೆಗೆಯೋದು ಅಂದ್ರೆ ಇದೇ, ನಡುವಿನ ಬದು ತೆಗೆಯೋದು. ಮಗಳನ್ನು ಒಂದು ಸಲ ತೋಟಕ್ಕೆ ಕರಕೊಂಡು ಹೋಗಿ, ನಿಜವಾದ ಸಾಲುಗಳನ್ನು ಎಣಿಸಿಸಿ ಈ ಲೆಕ್ಕ ಮಾಡಿಸಿ.

ಅಲ್ಲೇ ನಿಂತು ಇನ್ನೊಂದು ಪ್ರಶ್ನೆ ಕೇಳಿ. ಆ ಕಡೆಯ ತುಂಡಿನಲ್ಲಿ ಸಾಲಿಗೆ 9ರ ಬದಲು 8 ಸಸಿ ಇದ್ದರೆ? ಈಗ 9 × 14 + 8 × 6. ಬದು ಒಡೆದರೂ ಎರಡು ತುಂಡು ಸೇರಿ ಚೌಕಟ್ಟಾದ ಒಂದೇ ತೋಟ ಆಗಲ್ಲ, ಒಂದು ಕಡೆ ಹೊರಗೆ ಚಾಚಿಕೊಳ್ಳುತ್ತೆ. 9 ಅನ್ನೂ ಹೊರಗೆ ತೆಗೆಯೋಕಾಗಲ್ಲ, 8 ಅನ್ನೂ ಆಗಲ್ಲ. ಆದರೆ ಈ ಕಡೆಯ ಪ್ರತಿ ಸಾಲಿನಿಂದ ಒಂದೊಂದು ಸಸಿಯನ್ನು ಬೇರೆ ಎಣಿಸಿಕೊಂಡರೆ 20 ಸಾಲಿಗೂ 8 ಆಗುತ್ತೆ, ಪಕ್ಕದಲ್ಲಿ 14 ಉಳಿಯುತ್ತೆ. 8 × 20 + 14 = 174. ಇದು ಪರೀಕ್ಷೆಗೆ ಬರಲ್ಲ. ಆದರೆ ಸಾಲಿನ ಅಳತೆ ಒಂದೇ ಇರಬೇಕು ಅನ್ನೋ ಷರತ್ತು ಯಾಕಿದೆ ಅಂತ ಇದರಿಂದ ಚೆನ್ನಾಗಿ ಗೊತ್ತಾಗುತ್ತೆ.

ಪುಸ್ತಕದಲ್ಲಿ ಇದಕ್ಕೆ ವಿಭಾಜಕ ನಿಯಮ ಅಂತಾರೆ, ಕೆಲವು ಕಡೆ ವಿತರಣಾ ನಿಯಮ. ಹೆಸರು ಹಳೆಯದೇನಲ್ಲ. ಯುರೋಪಿನ ಭಾಷೆಗಳಲ್ಲಿ ಇದಕ್ಕೆ ಬಳಸೋ 'ಡಿಸ್ಟ್ರಿಬ್ಯೂಟಿವ್' ಅನ್ನೋ ಪದವನ್ನು ಫ್ರಾನ್ಸಿನ ಸೆರ್ವ್ವಾ ಅನ್ನೋ ಗಣಿತಜ್ಞ 1814ರಲ್ಲಿ ತಂದದ್ದು. ಕೆಲಸ ಮಾತ್ರ ತೀರಾ ಹಳೆಯದು. ಬದು ಒಡೆಯೋ ಚಿತ್ರವೇ ಯೂಕ್ಲಿಡ್‌ನ 'ಎಲಿಮೆಂಟ್ಸ್' ಗ್ರಂಥದ ಎರಡನೇ ಭಾಗದ ಮೊದಲ ಪ್ರಮೇಯ. ಅವನು ತೋಟದ ಬದಲು ಆಯತ ಬರೆದ, ಅಷ್ಟೇ.

ನಮ್ಮಲ್ಲಿ ಇದು ಗುಣಾಕಾರ ಮಾಡೋ ವಿಧಾನವಾಗಿ ಬಂತು. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಗುಣಿಸೋ ಸಂಖ್ಯೆಯನ್ನು ತುಂಡು ಮಾಡಿ, ಒಂದೊಂದು ತುಂಡಿನಿಂದ ಗುಣಿಸಿ ಕೂಡಿ ಅಂತ ಹೇಳಿದ್ದಾನೆ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ 'ಲೀಲಾವತಿ'ಯಲ್ಲಿ ಗುಣಾಕಾರಕ್ಕೆ ಕೊಟ್ಟ ಲೆಕ್ಕ 135 × 12. ಅದನ್ನು ಹಲವು ದಾರಿಯಲ್ಲಿ ಬಿಡಿಸಬಹುದು ಅಂತ ಅಲ್ಲಿದೆ. ಒಂದು ದಾರಿ, 12 ಅನ್ನು 8 ಮತ್ತು 4 ಅಂತ ಒಡೆಯೋದು: 1080 + 540 = 1620. ಇನ್ನೊಂದು, 12ರಲ್ಲಿ ಎರಡು ಕಡಿಮೆ ಮಾಡಿ 10ರಿಂದ ಗುಣಿಸಿ, ಆಮೇಲೆ ಎರಡು ಸಲ 135 ಸೇರಿಸೋದು: 1350 + 270 = 1620. ಕಾಮನ್ ತೆಗೆಯೋದು ಇದರ ಉಲ್ಟಾ ದಾರಿ. ಅಲ್ಲಿ ಒಡೆದರು, ಇಲ್ಲಿ ಸೇರಿಸ್ತೀವಿ.

ಇನ್ನು ನಮ್ಮ ರಾಷ್ಟ್ರಕೂಟರ ನೃಪತುಂಗನ ಕಾಲದ ಮಹಾವೀರಾಚಾರ್ಯರು. 9ನೇ ಶತಮಾನದಲ್ಲಿ 'ಗಣಿತಸಾರಸಂಗ್ರಹ' ಬರೆದವರು. ಗುಣಾಕಾರದ ಭಾಗದಲ್ಲಿ ಅವರು ಉತ್ತರ ನೋಡೋಕೆ ಕೊರಳಹಾರದ ಹಾಗೆ ಕಾಣೋ ಲೆಕ್ಕಗಳನ್ನು ಪೋಣಿಸಿದ್ದಾರೆ. ಒಂದು ಲೆಕ್ಕ 139 × 109. ಮಗಳಿಗೆ ಕೊಡಿ. ನೂರು ಸಲ 139, ಮತ್ತೆ ಒಂಬತ್ತು ಸಲ 139. 13900 + 1251 = 15151. ಯಾವ ಕಡೆಯಿಂದ ಓದಿದರೂ ಒಂದೇ. ಇನ್ನೊಂದು 11011011 × 91. ನೋಡಿದರೆ ಹೆದರಿಕೆ ಆಗುತ್ತೆ, ಅಲ್ವಾ? ಆದರೆ 91 ಅಂದ್ರೆ 90 + 1. ತೊಂಬತ್ತು ಸಲಕ್ಕೆ 990990990. ಇನ್ನೊಂದು ಸಲಕ್ಕೆ 11011011. ಕೂಡಿದರೆ 1002002001. ಇಲ್ಲೂ ಅದೇ ಒಂದು ಬಂತು ನೋಡಿ.

ಸರಿ, ಈಗ ಎರಡನೇ ತಪ್ಪು. 12 × 7 + 5 ಅನ್ನು 12 × (7 + 5) ಮಾಡಿದ್ದು. ಇದು ತುಂಬಾ ಸಾಮಾನ್ಯ. ಕ್ಲಾಸಿನಲ್ಲಿ ಸಾಲಾಗಿ ಹತ್ತು ಕಾಮನ್ ತೆಗೆಯೋ ಲೆಕ್ಕ ಮಾಡಿದ ಮೇಲೆ, ಹನ್ನೊಂದನೆಯದರಲ್ಲಿ ಕಾಮನ್ ಇರಲೇಬೇಕು ಅಂತ ಮಕ್ಕಳು ನಂಬಿಬಿಡ್ತಾರೆ. ಇದಕ್ಕೆ ಡಜನ್ ಮಾತು ಚೆನ್ನಾಗಿ ಹೊಂದುತ್ತೆ. 12 × 7 ಅಂದ್ರೆ 7 ಡಜನ್ ಬಾಳೆಹಣ್ಣು. ಮೇಲಿನ 5 ಬಿಡಿ ಹಣ್ಣು. ಒಟ್ಟು 84 + 5 = 89. ಅವಳು ಬರೆದದ್ದು 12 ಡಜನ್, ಅಂದ್ರೆ 144. ಬಿಡಿ ಹಣ್ಣೊಂದೊಂದೂ ಡಜನ್ ಆಗಿಬಿಟ್ಟಿದೆ. ಒಂದೊಂದು ಹಣ್ಣಿಗೂ 11 ಜಾಸ್ತಿ, ಐದಕ್ಕೆ 55 ಜಾಸ್ತಿ. 89ಕ್ಕೆ 55 ಸೇರಿಸಿದರೆ 144. ತಪ್ಪು ಎಷ್ಟು ಕರಾರುವಾಕ್ಕಾಗಿ ಆಗಿದೆ ಅಂತ ತೋರಿಸಿ. ಮಕ್ಕಳಿಗೆ ತಮ್ಮ ತಪ್ಪಿನ ಲೆಕ್ಕ ಸಿಕ್ಕಿದರೆ ಒಂಥರಾ ಖುಷಿ. 'ತಪ್ಪು' ಅಂತ ಕೆಂಪು ಗೀಟು ಎಳೆಯೋದಕ್ಕಿಂತ ಇದು ಎಷ್ಟೋ ವಾಸಿ.

ಹಾಗಂತ ಕಣ್ಣಿಗೆ ಕಾಣದ ಕಾಮನ್ ಇರೋದೇ ಇಲ್ಲ ಅಂತಲ್ಲ. 24 × 15 + 12 × 70 ನೋಡಿ. ಒಂದು ಕಡೆ 24, ಇನ್ನೊಂದು ಕಡೆ 12. ಆದರೆ 24ರ ಬಾಕ್ಸ್ ಒಂದನ್ನು ಬಿಚ್ಚಿದರೆ ಎರಡು ಡಜನ್. 15 ಬಾಕ್ಸ್ ಅಂದ್ರೆ 30 ಡಜನ್. 30 ಡಜನ್ + 70 ಡಜನ್ = 100 ಡಜನ್. 1200. ಇಂಥ ಲೆಕ್ಕ ದಿನಕ್ಕೆ ಒಂದು ಕೊಟ್ಟರೆ ಸಾಕು, ಸಂಖ್ಯೆಯನ್ನು ಕಂಡ ಕೂಡಲೇ ಗುಣಿಸೋಕೆ ಹೊರಡೋ ಚಟ ಬಿಡುತ್ತೆ. ಒಂದು ಕ್ಷಣ ನಿಂತು ನೋಡ್ತಾಳೆ. ನನ್ನ ಕೇಳಿದರೆ ಈ ಪಾಠದಲ್ಲಿ ಕಲಿಯಬೇಕಾದದ್ದು ಆ ನಿಂತು ನೋಡೋದನ್ನೇ. ನಡುನಡುವೆ 7 × 11 + 5 × 9 ಥರದ್ದನ್ನೂ ಸೇರಿಸಿ. ಅಲ್ಲಿ ಹೊರಗೆ ತೆಗೆಯೋಕೆ ಏನೂ ಇಲ್ಲ. 77 + 45 = 122, ಮುಗೀತು. 'ಇದರಲ್ಲಿ ಕಾಮನ್ ಇಲ್ಲಮ್ಮ' ಅಂತ ಅವಳೇ ಹೇಳಿದ ದಿನ ಅರ್ಧ ಪಾಠ ಮುಗಿದ ಹಾಗೆ.

ಮೂರನೆಯದು ಮೈನಸ್. ಇಲ್ಲಿ ನಾನೇ ಎಡವಿದ ಕಥೆ ಹೇಳ್ತೀನಿ. ಮೇಷ್ಟ್ರಾದ ಹೊಸದು. ಬೋರ್ಡಿನ ಮೇಲೆ ಇದೇ ಥರದ ಲೆಕ್ಕ. 100 − 7 × 8 − 7 × 2 ಬರೆದು, ಅವಸರದಲ್ಲಿ ಕೆಳಗೆ 100 − 7 × (8 − 2) ಅಂತ ಬರೆದೆ. ಉತ್ತರ 58. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ, ಅವನಪ್ಪನದು ಕಿರಾಣಿ ಅಂಗಡಿ. ನಾನು ಉದಾಹರಣೆಗೆ 7 ರೂಪಾಯಿ ಬಾಳೆಹಣ್ಣು ಅಂತ ಬೇರೆ ಹೇಳಿದ್ದೆ. ಎದ್ದು ನಿಂತು, "ಸಾರ್, ಮೊದಲು ಎಂಟು ಹಣ್ಣು ತಗೊಂಡ, ಆಮೇಲೆ ಇನ್ನೆರಡು ತಗೊಂಡ. ನೀವು ಹೇಳಿದಂಗೆ ಚಿಲ್ಲರೆ ಕೊಟ್ರೆ ನಮ್ಮಪ್ಪ ಅಂಗಡಿ ಬಾಗಿಲು ಹಾಕ್ಬೇಕಾಗುತ್ತೆ" ಅಂದ. ಇಡೀ ಕ್ಲಾಸು ನಕ್ಕಿತು. ಅವನು ಹೇಳಿದ್ದು ಸರಿ. 8 ಹಣ್ಣು, ಮತ್ತೆ 2, ಒಟ್ಟು 10 ಹಣ್ಣು, 70 ರೂಪಾಯಿ. ನೂರರ ನೋಟಿಗೆ ಚಿಲ್ಲರೆ 30.

100 − 7 × (8 + 2) = 100 − 70 = 30

ನಾನು ಬರೆದಂತೆ 8 − 2 ಅಂದ್ರೆ ಎರಡು ಹಣ್ಣು ವಾಪಸ್ ಕೊಟ್ಟ ಹಾಗೆ. ಹಾಗೆ ವಾಪಸ್ ಕೊಟ್ಟಿದ್ದರೆ ಲೆಕ್ಕ 100 − 7 × 8 + 7 × 2 ಆಗಿರುತ್ತಿತ್ತು, ಉತ್ತರ 58. ನಿಮ್ಮ ಮಗಳು ಬರೆದದ್ದೂ ಇದೇ ಉತ್ತರ. ಮೈನಸ್ ಆವರಣದ ಹೊರಗೆ ನಿಂತರೆ ಒಳಗಿನ ಚಿಹ್ನೆ ಬದಲಾಗುತ್ತೆ ಅನ್ನೋ ನಿಯಮವನ್ನು ಹೇಳಬಹುದು, ಹೇಳ್ತೀವಿ. ಆದರೆ 'ಎರಡು ಸಲ ಖರ್ಚು ಮಾಡಿದೆ, ಒಟ್ಟು ಖರ್ಚು ಕೂಡು' ಅಂದ್ರೆ ಯಾವ ಮಗುವೂ ಕಳೆಯಲ್ಲ.

ಎಲ್ಲ ಪದಗಳಲ್ಲೂ ಒಂದೇ ಸಂಖ್ಯೆ ಇದ್ದಾಗ ಮಾತ್ರ ಈ ಗೊಂದಲ ಇಲ್ಲ. 25 × 17 − 25 × 9 − 25 × 4 ಅಂದ್ರೆ ಹದಿನೇಳು ಸಲ 25 ಇತ್ತು, ಒಂಬತ್ತು ಸಲ ಹೋಯ್ತು, ಮತ್ತೆ ನಾಲ್ಕು ಸಲ ಹೋಯ್ತು. ಇದ್ದ ಚಿಹ್ನೆಗಳನ್ನು ಹಾಗೇ ಒಳಗೆ ಇಳಿಸಿ: 25 × (17 − 9 − 4) = 25 × 4 = 100.

ಈಗ ಅವಳ ಪ್ರಶ್ನೆ. 42 ಇರೋವಾಗ 6 × (3 + 4) ಯಾಕೆ? ಈ ಪ್ರಶ್ನೆ ಕೇಳಿದ್ದಕ್ಕೆ ಅವಳಿಗೆ ಶಭಾಷ್ ಹೇಳಿ. ಬರೀ ಉತ್ತರ ಬೇಕಿದ್ದರೆ 42 ಸಾಕು, ಅವಳು ಹೇಳೋದು ನಿಜ.

ಆದರೆ ಹಬ್ಬದ ದಿನ ಅಂದುಕೊಳ್ಳಿ. ಮನೆಯಲ್ಲಿ 18 ಲಾಡು, 24 ಚಕ್ಕುಲಿ ಇವೆ. ಬಂದವರಿಗೆ ತಟ್ಟೆ ಹಾಕಬೇಕು. ಎಲ್ಲ ತಟ್ಟೆಯಲ್ಲೂ ಒಂದೇ ಥರ ಇರಬೇಕು, ಏನೂ ಉಳಿಯಬಾರದು. 42 ತಿಂಡಿ ಇದೆ ಅಂತ ಗೊತ್ತಾದರೆ ಏನು ಪ್ರಯೋಜನ? 6 × (3 + 4) ಅಂದ್ರೆ ಆರು ತಟ್ಟೆ, ಒಂದೊಂದರಲ್ಲಿ ಮೂರು ಲಾಡು ನಾಲ್ಕು ಚಕ್ಕುಲಿ. 2 × (9 + 12) ಅಂತಲೂ ಬರೀಬಹುದು, ಎರಡು ದೊಡ್ಡ ತಟ್ಟೆ. 3 × (6 + 8), ಮೂರು ತಟ್ಟೆ. ಮೂರೂ ಸರಿಯೇ. ಆರಕ್ಕಿಂತ ಜಾಸ್ತಿ ತಟ್ಟೆ ಹಾಕೋಕೆ ಆಗುತ್ತಾ? 12 ತಟ್ಟೆ ಹಾಕಿದರೆ ಚಕ್ಕುಲಿ ಎರಡೆರಡು ಬರುತ್ತೆ, ಲಾಡು ಮುರಿಯಬೇಕು. ಹಾಗಾಗಿ ಆರೇ ಕೊನೆ. ಮಗಳು ಈಗಾಗಲೇ ಕಲಿತಿರೋ ಮ.ಸಾ.ಅ. ಅಂದ್ರೆ ಇದೇ, ಮಹತ್ತಮ ಸಾಮಾನ್ಯ ಅಪವರ್ತನ. 'ಪೂರ್ತಿಯಾಗಿ ಅಪವರ್ತಿಸಿ' ಅಂತ ಕೇಳಿದರೆ 2 × (9 + 12)ಕ್ಕೆ ನಿಲ್ಲಿಸಬಾರದು. ಆವರಣದೊಳಗೆ ಇನ್ನೂ 3 ಕಾಮನ್ ಉಳಿದಿದೆ. 3 ಮತ್ತು 4ಕ್ಕೆ 1 ಬಿಟ್ಟರೆ ಬೇರೆ ಕಾಮನ್ ಇಲ್ಲ, ಅಲ್ಲಿಗೆ ನಿಲ್ಲಿಸಬಹುದು.

ಇದರ ನಿಜವಾದ ರುಚಿ ಸಿಗೋದು 9ರ ಲೆಕ್ಕದಲ್ಲಿ. ಒಂದು ಸಂಖ್ಯೆಯ ಅಂಕಿಗಳನ್ನು ಕೂಡಿ, ಬಂದದ್ದು 9ರಿಂದ ಭಾಗ ಹೋದರೆ ಇಡೀ ಸಂಖ್ಯೆಯೂ ಹೋಗುತ್ತೆ ಅಂತ ಅವಳಿಗೆ ಗೊತ್ತಿರುತ್ತೆ. ಯಾಕೆ ಅಂತ ಕೇಳಿ. ಮೊದಲ ಲೆಕ್ಕದ ಅರ್ಧವನ್ನೇ ತಗೊಳ್ಳೋಣ, 48 × 99. ನೂರು ಸಲಕ್ಕೆ ಒಂದು ಸಲ ಕಡಿಮೆ: 4800 − 48 = 4752. ಅಂಕಿಗಳ ಮೊತ್ತ 4 + 7 + 5 + 2 = 18. ಈಗ 4752 ಅನ್ನು ಬಿಡಿಸಿ:

4 × 1000 + 7 × 100 + 5 × 10 + 2

1000 ಅಂದ್ರೆ 999 + 1. 100 ಅಂದ್ರೆ 99 + 1. 10 ಅಂದ್ರೆ 9 + 1. ಮತ್ತೆ ಅದೇ ಒಂದು! ಹೀಗೆ ಒಡೆದು ಬರೆದರೆ ಎರಡು ಗುಂಪಾಗುತ್ತೆ. ಒಂದರಲ್ಲಿ 4 × 999 + 7 × 99 + 5 × 9. ಇನ್ನೊಂದರಲ್ಲಿ 4 + 7 + 5 + 2. ಮೊದಲ ಗುಂಪಿನಿಂದ 9 ಹೊರಗೆ ತೆಗೆಯಿರಿ:

9 × (444 + 77 + 5) + 18

ಎಡಗಡೆ ಏನೇ ಇರಲಿ, ಅದು 9ರ ಮಗ್ಗಿಯಲ್ಲೇ ಇದೆ. ಅದನ್ನು ಪರೀಕ್ಷೆ ಮಾಡೋ ಅಗತ್ಯವೇ ಇಲ್ಲ. ಉಳಿದದ್ದು ಅಂಕಿಗಳ ಮೊತ್ತ ಮಾತ್ರ. ಅದು 9ರಿಂದ ಹೋದರೆ ಎಲ್ಲವೂ ಹೋಗುತ್ತೆ. ಬಾಯಿಪಾಠ ಮಾಡಿದ್ದ ಸೂತ್ರಕ್ಕೆ ಕಾರಣ ಸಿಕ್ಕಿತು, ಅದೂ ಕಾಮನ್ ತೆಗೆಯೋ ಒಂದೇ ಹೆಜ್ಜೆಯಲ್ಲಿ. ಹಾಗೇ ಕೂಡಿ 4752 ಅಂತ ಬರೆದುಬಿಟ್ಟಿದ್ದರೆ ಇದು ಕಾಣ್ತಾ ಇತ್ತಾ?

ಕೈಯಲ್ಲೇ ಲೆಕ್ಕ ಬರೆಯೋ ಕಾಲದಲ್ಲಿ ಇದನ್ನೇ ಲೆಕ್ಕ ಬರೆಯೋರು ಬಳಸ್ತಿದ್ದರು. ಹಳೇ ಕಾಲದ ಬ್ಯಾಂಕ್ ಗುಮಾಸ್ತರನ್ನು ಕೇಳಿ ನೋಡಿ. ಸಂಜೆ ಲೆಕ್ಕ ತಾಳೆ ಆಗದೇ ಇದ್ದಾಗ, ವ್ಯತ್ಯಾಸ 9ರಿಂದ ಭಾಗ ಹೋದರೆ 'ಎಲ್ಲೋ ಅಂಕಿ ಅದಲುಬದಲು ಆಗಿರಬಹುದು' ಅಂತ ಹುಡುಕ್ತಿದ್ದರು. 2384 ಬರೆಯೋ ಕಡೆ 2834 ಬರೆದರೆ ವ್ಯತ್ಯಾಸ 450. ಅದು 9 × 50. ಯಾಕೆ ಹೀಗೆ? ಅದಲುಬದಲಾದ ಎರಡು ಅಂಕಿಗಳನ್ನು ಮಾತ್ರ ನೋಡಿ.

8 × 100 + 3 × 10 − 3 × 100 − 8 × 10

ನೂರುಗಳನ್ನು ಒಂದು ಕಡೆ ಸೇರಿಸಿದರೆ 100 × (8 − 3). ಹತ್ತುಗಳ ಕಡೆ 3 × 10 ಬಂತು, 8 × 10 ಹೋಯ್ತು, ಅಂದ್ರೆ 10 × (8 − 3) ಅಷ್ಟು ಕಡಿಮೆ. ಈಗ (8 − 3) ಅನ್ನೋ ಆವರಣವೇ ಎರಡೂ ಕಡೆ ಇದೆ. ಅದನ್ನೇ ಕಾಮನ್ ತೆಗೆಯಿರಿ: (8 − 3) × (100 − 10) = 5 × 90 = 450. ಯಾವ ಎರಡು ಅಂಕಿ ಇದ್ದರೂ, ಅಕ್ಕಪಕ್ಕದ ಯಾವ ಸ್ಥಾನದಲ್ಲಿದ್ದರೂ ಹೀಗೇ 9, 90, 900ರ ಪಟ್ಟು ಬರುತ್ತೆ. ಮನೆಯಲ್ಲಿ ಇದನ್ನು ಆಟ ಮಾಡಿ. ಅವಳು ಎರಡಂಕಿಯ ಒಂದು ಸಂಖ್ಯೆ ನೆನೆಸಿಕೊಳ್ಳಲಿ, ತಿರುಗಿಸಿ ಬರೆದು ದೊಡ್ಡದರಿಂದ ಚಿಕ್ಕದನ್ನು ಕಳೆಯಲಿ. ಉತ್ತರ ಕೇಳಿ 9ರಿಂದ ಭಾಗಿಸಿದರೆ ಆ ಎರಡು ಅಂಕಿಗಳ ವ್ಯತ್ಯಾಸ ನೀವು ಹೇಳಬಹುದು. 73 − 37 = 36, ಒಂಬತ್ತ್ನಾಲ್ಕ್ಲ ಮೂವತ್ತಾರು, 7ಕ್ಕೂ 3ಕ್ಕೂ ವ್ಯತ್ಯಾಸ 4.

ಭಾಗಾಕಾರದ ವಿಷಯ ಚುಟುಕಾಗಿ ಹೇಳಿಬಿಡ್ತೀನಿ, ಯಾಕಂದ್ರೆ ಮುಂದಿನ ತಪ್ಪು ಅಲ್ಲೇ ಆಗೋದು. 84 ÷ 7 + 56 ÷ 7 ಅನ್ನು (84 + 56) ÷ 7 ಮಾಡಬಹುದು, 140 ÷ 7 = 20. ಹಂಚಿಕೊಳ್ಳೋ ಜನ ಅದೇ ಏಳು, ಎರಡು ರಾಶಿಯನ್ನು ಒಟ್ಟು ಮಾಡಿ ಹಂಚಿದರೂ ಒಂದೇ. ಆದರೆ 120 ÷ 4 + 120 ÷ 6 ಅನ್ನು 120 ÷ (4 + 6) ಮಾಡೋ ಹಾಗಿಲ್ಲ. ಮೊದಲನೆಯದು 30 + 20 = 50, ಎರಡನೆಯದು 12. ಹಂಚಿಕೊಳ್ಳೋ ಜನ ಜಾಸ್ತಿ ಆದರೆ ಪಾಲು ಕಡಿಮೆ ಆಗುತ್ತೆ, ಇದಕ್ಕೆ ಪುಸ್ತಕ ಬೇಡ. ಹಾಗೇ 6 × (4 × 5) ಕಂಡರೆ 6 ಅನ್ನು ಎರಡಕ್ಕೂ ಹಂಚಬಾರದು. ಅದು 120. ಹಂಚಿದರೆ 24 × 30 = 720 ಆಗಿಬಿಡುತ್ತೆ. ಹಂಚೋದು ಕೂಡುವಾಗ, ಕಳೆಯುವಾಗ ಮಾತ್ರ.

ಕ್ಯಾಲ್ಕುಲೇಟರ್ ಇದೆಯಲ್ಲ ಅಂತಲೂ ಒಂದು ದಿನ ಅವಳು ಕೇಳಬಹುದು. ಕೇಳಿದರೆ ಜಗಳ ಬೇಡ, ಕೈಗೆ ಮೊಬೈಲ್ ಕೊಡಿ. ಅವಳು 63 × 87 + 63 × 13 ಒತ್ತೋದರೊಳಗೆ ನೀವು 6300 ಅಂದುಬಿಡಿ. ಒಂದು ಸಲ ಸೋತರೆ ಆ ಕಿಟುಕು ಬೇಕು ಅಂತ ಅವಳೇ ಹಿಂದೆ ಬೀಳ್ತಾಳೆ.

ದಿನಕ್ಕೆ ಹತ್ತು ಲೆಕ್ಕ ಕೊಡಬೇಡಿ. ಮೂರು ಸಾಕು, ಆದರೆ ಮೂರೂ ಬೇರೆ ಬೇರೆ ಥರ ಇರಲಿ. ನಾಳೆಗೆ 125 × 9 − 125 ಕೊಡಿ, ಇಲ್ಲೂ ಒಂದು ಅಡಗಿದೆ. ಅದರ ಜೊತೆಗೆ 200 − 13 × 6 − 13 × 4, ಚಿಲ್ಲರೆ ವಾಪಸ್ ಕೊಡೋ ಲೆಕ್ಕ. ಮತ್ತೆ 15 × 4 + 7, ಇದರಲ್ಲಿ ಬಿಡಿ ಹಣ್ಣಿದೆ. ನಿಮಗೆ ತಾಳೆ ನೋಡೋಕೆ ಉತ್ತರಗಳು: 1000, 70, 67. ಬರೆಯೋ ಮೊದಲು ಪ್ರತಿ ಲೆಕ್ಕವನ್ನೂ 'ಇಷ್ಟು ಸಲ ಇಷ್ಟು' ಅಂತ ಬಾಯಿಬಿಟ್ಟು ಓದಿಸಿ. ತಪ್ಪಾದರೆ ಉತ್ತರ ಹೇಳಿಕೊಡಬೇಡಿ, ಆವರಣ ಬಿಚ್ಚಿ ವಾಪಸ್ ಗುಣಿಸೋಕೆ ಹೇಳಿ. 48 × (99 + 0) ಬಿಚ್ಚಿದರೆ ಬರೀ 48 × 99 ಬರುತ್ತೆ. ಕೊಟ್ಟ ಲೆಕ್ಕದ ಕೊನೆಯ 48 ಎಲ್ಲಿ ಹೋಯ್ತು ಅಂತ ಅವಳಿಗೇ ಹೊಳೆಯುತ್ತೆ.

ಅದು ಹೊಳೆದ ದಿನ 48 × 98 + 96 ಕೇಳಿ. ಉತ್ತರ ಮತ್ತೆ 4800. ಈ ಸಲ ಅಡಗಿ ಕೂತಿರೋದು ಒಂದಲ್ಲ, ಎರಡು.